ಚೀನಾದ ಸಂಸ್ಕೃತಿ ಹತ್ತಿರದಿಂದ ನೋಡಬೇಕು, 10 ದಿನ ರಜೆ ಇದೆ. ಎಲ್ಲಿಗೆ ಹೋಗಲಿ?

ತುಂಗೆಯ_ದಡದಿಂದ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. 20 ವರ್ಷದಿಂದ ಮಕ್ಕಳಿಗೆ ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪಾಠ ಮಾಡುತ್ತಾ ಬಂದಿದ್ದೇನೆ. ಮರುಭೂಮಿ ದಾಟಿ ಬಂದ, ಹರ್ಷನನ್ನು ಕಂಡ, ಇಮ್ಮಡಿ ಪುಲಿಕೇಶಿಯ ರಾಜ್ಯದಲ್ಲಿ ಓಡಾಡಿದ, ವಾಪಸ್ ಹೋಗಿ ಬರೆದಿಟ್ಟ ಅಂತ ಹೇಳುತ್ತೇನೆ. "ಯಾವ ಊರಿಗೆ ವಾಪಸ್ ಹೋದ ಮಿಸ್? ಅಲ್ಲಿ ಏನು ಮಾಡಿದ?" ಅಂತ ಹೋದ ವರ್ಷ ಒಬ್ಬ ಹುಡುಗ ಕೇಳಿದ. ಪುಸ್ತಕದಲ್ಲಿ ಇದ್ದಷ್ಟು ಹೇಳಿದೆ. ಅವತ್ತಿನಿಂದ ಆ ಊರು ನೋಡಲೇಬೇಕು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಏಪ್ರಿಲ್ ಮಧ್ಯದಲ್ಲಿ 10 ದಿನ ಹೊರಡಬಹುದು. ಜೊತೆಗೆ ಅಮ್ಮ ಬರುತ್ತಾರೆ, 66 ವರ್ಷ, ಮಂಡಿ ನೋವಿದೆ. ಇಬ್ಬರೂ ಸಸ್ಯಾಹಾರಿಗಳು. ಒಬ್ಬ ಏಜೆಂಟ್ 10 ದಿನಕ್ಕೆ 5 ಊರಿನ ಪ್ಯಾಕೇಜ್ ತೋರಿಸಿದ್ದಾರೆ. ಬೀಜಿಂಗ್, ಷಿಯಾನ್, ಶಾಂಘೈ, ಹಾಂಗ್‌ಜೋ, ಗ್ವಾಂಗ್‌ಜೋ. ನೋಡಿದರೇ ಸುಸ್ತಾಗುತ್ತದೆ. ನನಗೆ ಎತ್ತರದ ಕಟ್ಟಡ ಬೇಡ. ಜನ ಹೇಗೆ ಬದುಕುತ್ತಾರೆ, ಏನು ಹಾಡುತ್ತಾರೆ, ಏನು ತಿನ್ನುತ್ತಾರೆ ಅನ್ನೋದು ಬೇಕು. ಹೋಗಿ ಬಂದವರು ದಯವಿಟ್ಟು ಹೇಳಿ.

ಕಾಟನ್‌ಪೇಟೆ_ವ್ಯಾಪಾರಿ

ಮೇಡಂ, ನಾನು 12 ವರ್ಷದಿಂದ ಲೈಟಿನ ಸಾಮಾನು ತರೋದಕ್ಕೆ ಗ್ವಾಂಗ್‌ಜೋ, ಯೀವೂಗೆ ಹೋಗಿ ಬರುತ್ತಿದ್ದೇನೆ. ಸಂಸ್ಕೃತಿ ವಿಷಯ ಬೇರೆಯವರು ಹೇಳಲಿ. ನಾನು ಹೊರಡೋಕೆ ಮೊದಲಿನ ಕೆಲಸ ಹೇಳುತ್ತೇನೆ.

ನಮಗೆ ವೀಸಾ ಬೇಕೇ ಬೇಕು. ವೀಸಾ ಇಲ್ಲದೆ 240 ಗಂಟೆ ಇರಬಹುದು ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರಲ್ಲ, ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. 

ದುಡ್ಡು: ಅಲ್ಲಿ ಎಲ್ಲಾ ಮೊಬೈಲಿನಲ್ಲೇ. ಸೊಪ್ಪು ಮಾರುವ ಅಜ್ಜಿಯ ಹತ್ತಿರವೂ ಕ್ಯೂಆರ್ ಇರುತ್ತದೆ, ನಮ್ಮ ಹಾಗೇ. ಆದರೆ ನಮ್ಮ ಫೋನ್‌ಪೇ ಅಲ್ಲಿ ಹಾಕಿಕೊಂಡು ಕೂರಬೇಡಿ. ಅಲಿಪೇ ಅಥವಾ ವೀಚಾಟ್ ಇಲ್ಲೇ ಹಾಕಿಕೊಂಡು, ಪಾಸ್‌ಪೋರ್ಟ್ ಸೇರಿಸಿ, ನಿಮ್ಮ ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿಕೊಳ್ಳಿ. ಕಾರ್ಡಿನಲ್ಲಿ ವಿದೇಶದ ವ್ಯವಹಾರ ಆನ್ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. 200 ಯುವಾನ್ ಒಳಗಿನ ಖರ್ಚಿಗೆ ಅಲಿಪೇ ಹೆಚ್ಚುವರಿ ತೆಗೆದುಕೊಳ್ಳೋದಿಲ್ಲ, ಅದಕ್ಕಿಂತ ಜಾಸ್ತಿ ಆದರೆ 3% ಹಿಡಿಯುತ್ತದೆ. ಕೈಯಲ್ಲಿ ಸ್ವಲ್ಪ ನೋಟೂ ಇರಲಿ.

ಗೂಗಲ್, ವಾಟ್ಸಾಪ್, ಯೂಟ್ಯೂಬ್ ಅಲ್ಲಿಯ ವೈಫೈನಲ್ಲಿ ನಡೆಯೋದಿಲ್ಲ. ನಮ್ಮ ಸಿಮ್ಮಿಗೆ ರೋಮಿಂಗ್ ಹಾಕಿಸಿದರೆ ನಡೆಯುತ್ತದೆ. ದಾರಿ ನೋಡೋದಕ್ಕೆ ಗೂಗಲ್ ಮ್ಯಾಪ್ ನಂಬಬೇಡಿ, ಅಲ್ಲಿಯವರ ಆಮ್ಯಾಪ್ ಹಾಕಿಕೊಳ್ಳಿ. ರೈಲು ಟಿಕೆಟ್ 12306 ಅನ್ನೋ ಸರ್ಕಾರಿ ಆಪಿನಲ್ಲಿ 15 ದಿನ ಮುಂಚೆ ಸಿಗುತ್ತದೆ, ಇಂಗ್ಲಿಷಿನಲ್ಲೂ ಇದೆ. ಟಿಕೆಟ್ ಕಾಗದ ಅಂತ ಏನೂ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಪವರ್ ಬ್ಯಾಂಕ್ ಬಗ್ಗೆ ಹುಷಾರು. 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಅನ್ನೋ ಚೀನಾದ ಸುರಕ್ಷತೆ ಗುರುತು ಇಲ್ಲದ ಪವರ್ ಬ್ಯಾಂಕ್ ಬಿಡೋದಿಲ್ಲ.

ಅಷ್ಟಾಂಗ_ಮೈಸೂರು

ಮೇಡಂ, ನೀವು ಕೇಳಿದ ಊರು ಷಿಯಾನ್. ಹ್ಯೂಯೆನ್ ತ್ಸಾಂಗ್ ಕಾಲದಲ್ಲಿ ಅದರ ಹೆಸರು ಚಾಂಗಾನ್. ನಾನು ಅಲ್ಲಿ 4 ವರ್ಷ ಯೋಗ ಹೇಳಿಕೊಟ್ಟೆ. ಮೈಸೂರಿನಿಂದ ತುಂಬಾ ಜನ ಚೀನಾಕ್ಕೆ ಯೋಗ ಟೀಚರ್ ಆಗಿ ಹೋಗುತ್ತಾರೆ, ನಾನೂ ಹಾಗೇ ಹೋದವನು. ನನ್ನ ಮಾತು ಒಂದೇ. ಆ 5 ಊರಿನ ಪ್ಯಾಕೇಜ್ ಬಿಡಿ. ಷಿಯಾನಿನಲ್ಲೇ 6-7 ದಿನ ಇರಿ. ಒಂದೇ ಅಂಗಡಿಯಲ್ಲಿ ಮೂರು ದಿನ ತಿಂಡಿ ತಿಂದರೆ ನಾಲ್ಕನೇ ದಿನ ಅವರೇ ಕೂರಿಸಿ ಮಾತಾಡಿಸುತ್ತಾರೆ. ನಿಮಗೆ ಬೇಕಾಗಿರೋದು ಅದೇ ಅಲ್ವಾ?

ಮೊದಲು ನಿಮ್ಮ ಹುಡುಗನ ಪ್ರಶ್ನೆಗೆ ಉತ್ತರ. ಅವನು 645ರಲ್ಲಿ 657 ಗ್ರಂಥ ಹೊತ್ತು ಚಾಂಗಾನ್‌ಗೆ ವಾಪಸ್ ಬಂದ. ಮುಂದಿನ ಸುಮಾರು 19 ವರ್ಷ, ಸಾಯುವವರೆಗೂ, ಅನುವಾದ ಮಾಡಿದ. ತಂದ ಗ್ರಂಥ ಬೆಂಕಿಗೆ ಸಿಗಬಾರದು ಅಂತ 652ರಲ್ಲಿ ದಾ ಚಿ ಎನ್ ದೇವಸ್ಥಾನದಲ್ಲಿ ಒಂದು ಗೋಪುರ ಕಟ್ಟಿಸಿದ. ಅದೇ ದೊಡ್ಡ ಕಾಡುಬಾತಿನ ಗೋಪುರ, ದಾ ಯೆನ್ ತಾ. ಈಗ ನಿಂತಿರೋದು ಆಮೇಲೆ ಎತ್ತರಿಸಿ ಕಟ್ಟಿದ್ದು, 7 ಅಂತಸ್ತು, 64 ಮೀಟರ್. ಒಳಗೆ ಮರದ ಮೆಟ್ಟಿಲು ಕಡಿದಾಗಿದೆ. ಅಮ್ಮ ಕೆಳಗೇ ಇರಲಿ, ಅಂಗಳದಲ್ಲಿ ಕೂರೋಕೆ ಒಳ್ಳೆ ಜಾಗ ಇದೆ.

ಎಲ್ಲರೂ ಮೇಲೆ ಹತ್ತಿ ಫೋಟೋ ತೆಗೆದುಕೊಂಡು ಬರುತ್ತಾರೆ. ನೀವು ಕೆಳಗೆ ದಕ್ಷಿಣದ ಬಾಗಿಲ ಎಡಬಲ ನೋಡಿ. ಗೂಡಿನ ಒಳಗೆ ಎರಡು ಕಪ್ಪು ಕಲ್ಲಿನ ಶಾಸನ ಇವೆ. 653ರವು. ಅವನ ಅನುವಾದಕ್ಕೆ ಚಕ್ರವರ್ತಿ ಮತ್ತು ಯುವರಾಜ ಬರೆದ ಮುನ್ನುಡಿ ಅದರಲ್ಲಿದೆ. ನಮ್ಮ ಐಹೊಳೆ ಶಾಸನ 634ರದ್ದು. ಬರೀ 20 ವರ್ಷದ ಅಂತರ. ಪುಲಿಕೇಶಿ ಹರ್ಷನನ್ನು ತಡೆದ ಕಥೆ ರವಿಕೀರ್ತಿ ಅಲ್ಲಿ ಕೆತ್ತಿಸಿದ. ಅದೇ ಪುಲಿಕೇಶಿಯನ್ನು ಹರ್ಷ ಮಣಿಸಲಾಗಲಿಲ್ಲ ಅಂತ ಹ್ಯೂಯೆನ್ ತ್ಸಾಂಗ್ ಕೂಡ ಬರೆದ. ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಿದ್ದರು, ಆ ಜನ ಉಪಕಾರ ಮರೆಯೋದಿಲ್ಲ, ಅವಮಾನ ಮಾಡಿದರೆ ಬಿಡೋದಿಲ್ಲ ಅಂತಲೂ ಬರೆದಿದ್ದಾನೆ. ಆ ಎರಡು ಕಲ್ಲಿನ ಮುಂದೆ ನಿಂತಾಗ ನನಗೆ ಗಂಟಲು ಕಟ್ಟಿತು.

ಇನ್ನೊಂದು ವಿಷಯ. ನೀವು ಎಲ್ಲಿಯವರು ಅಂತ ಅಲ್ಲಿ ಎಲ್ಲರೂ ಕೇಳುತ್ತಾರೆ. "ಯಿನ್‌ದೂ" ಅನ್ನಿ. ಭಾರತಕ್ಕೆ ಚೀನೀ ಭಾಷೆಯಲ್ಲಿ ಇರೋ ಹೆಸರು ಅದು. ಮೊದಲು ಬೇರೆ ಬೇರೆ ಹೆಸರು ಇದ್ದವು. ಸರಿಯಾದ ಉಚ್ಚಾರ ಇದೇ ಅಂತ ಹೇಳಿದವನು ಹ್ಯೂಯೆನ್ ತ್ಸಾಂಗ್. ಆದರೆ "ಹ್ಯೂಯೆನ್ ತ್ಸಾಂಗ್" ಅಂತ ಅಲ್ಲಿ ಹೇಳಿದರೆ ಯಾರಿಗೂ ಗೊತ್ತಾಗೋದಿಲ್ಲ. "ಷ್ವೆನ್‌ಜಾಂಗ್" ಅನ್ನಬೇಕು. ಅಂದ ತಕ್ಷಣ ಮುಖ ಅರಳುತ್ತದೆ.

ಟೈಮ್ ಇದ್ದರೆ ಊರಿಂದ ಸುಮಾರು 20 ಕಿ.ಮೀ. ಆಚೆ ಷಿಂಗ್‌ಜ್ಯಾವ್ ದೇವಸ್ಥಾನಕ್ಕೂ ಹೋಗಿ. ಅವನ ಅಸ್ಥಿ ಇಟ್ಟು ಕಟ್ಟಿದ ಗೋಪುರ ಇರೋದು ಅಲ್ಲಿ. ಜನ ಕಮ್ಮಿ.

ಸಿಂಗಪುರ_ಕನ್ನಡತಿ

ಮೊದಲ ಸಲ ಚೀನಾಕ್ಕೆ ಹೋಗಿ ಬೀಜಿಂಗ್ ನೋಡದೆ ಬರೋದಾ? ನಾನು ಒಪ್ಪೋದಿಲ್ಲ. ಅರಮನೆ, ಮಹಾಗೋಡೆ ಎರಡೂ ಬಿಟ್ಟರೆ ಆಮೇಲೆ ಬೇಜಾರಾಗುತ್ತದೆ. ಬೀಜಿಂಗ್‌ನಿಂದ ಷಿಯಾನ್‌ಗೆ ವೇಗದ ರೈಲಿನಲ್ಲಿ 5 ಗಂಟೆ ಆಸುಪಾಸು ಅಷ್ಟೇ. ಮೂರು ದಿನ ಅಲ್ಲಿಗೆ ಕೊಡಿ. ಅರಮನೆ ಟಿಕೆಟ್ 7 ದಿನ ಮುಂಚೆ ಪಾಸ್‌ಪೋರ್ಟ್ ನಂಬರ್ ಕೊಟ್ಟು ಬುಕ್ ಮಾಡಬೇಕು, ಸೋಮವಾರ ರಜೆ.

ಅಷ್ಟಾಂಗ_ಮೈಸೂರು

ಅಕ್ಕ, ನೀವು ಹೇಳೋದು ಸರಿ. ಮೇಡಂ ಒಬ್ಬರೇ ಆಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಅಮ್ಮನ ಮಂಡಿ ಯೋಚನೆ ಮಾಡಿ. ಅರಮನೆ ಒಳಗೆ ಒಂದು ದಿನ ಪೂರ್ತಿ ನಡಿಗೆ, ಮಹಾಗೋಡೆ ಪೂರ್ತಿ ಮೆಟ್ಟಿಲು.

ಗೋಡೆ ಬೇಕು ಅಂದರೆ ಷಿಯಾನಿಗೇ ಒಂದು ಕೋಟೆ ಗೋಡೆ ಇದೆ. ಮಿಂಗ್ ಕಾಲದ್ದು, ಹಳೇ ಊರಿನ ಸುತ್ತ 13.7 ಕಿ.ಮೀ. ಮೇಲೆ ಎರಡು ಬಸ್ ಪಕ್ಕಪಕ್ಕ ಹೋಗುವಷ್ಟು ಅಗಲ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಸಂಜೆ ದಕ್ಷಿಣದ ಬಾಗಿಲಲ್ಲಿ ಹತ್ತಿ.

ಗೋಡೆಯ ಕೆಳಗೆ, ಕಂದಕದ ಪಕ್ಕ ಉದ್ದಕ್ಕೂ ಪಾರ್ಕ್ ಇದೆ. ನನ್ನ ಪ್ರಕಾರ ಷಿಯಾನಿನ ಜೀವ ಇರೋದು ಅಲ್ಲಿ. ಬೆಳಗ್ಗೆ ತಾಯ್ ಚಿ ಮಾಡುವವರು, ಚಾಟಿಯಲ್ಲಿ ದೊಡ್ಡ ಬುಗುರಿ ಹೊಡೆಯುವ ತಾತಂದಿರು. ಸಂಜೆ ಚಿನ್‌ಚ್ಯಾಂಗ್ ಹಾಡುತ್ತಾರೆ. ಅದು ಆ ಪ್ರಾಂತ್ಯದ ನಾಟಕದ ಹಾಡು. ರಿಟೈರ್ ಆದವರೇ ಗುಂಪು ಕಟ್ಟಿಕೊಂಡು, ಎರಡು ತಂತಿಯ ಪಿಟೀಲು, ಮರದ ತುಂಡಿನ ತಾಳ ಇಟ್ಟುಕೊಂಡು ಶುರು ಮಾಡುತ್ತಾರೆ. ಹಾಡು ಅನ್ನೋದಕ್ಕಿಂತ ಹೊಟ್ಟೆಯಿಂದ ಕೂಗು. ಮೊದಲ ಸಲ ಕೇಳಿದಾಗ ನನಗೆ ಬಯಲಲ್ಲಿ ರಾತ್ರಿ ಯಕ್ಷಗಾನದ ಭಾಗವತರು ಏರುಶ್ರುತಿಯಲ್ಲಿ ಎತ್ತಿಕೊಂಡ ಹಾಗೆ ಅನ್ನಿಸಿತು. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಸುಮ್ನೆ ಹೋಗಿ ನಿಂತುಕೊಳ್ಳಿ, ಯಾರಾದರೂ ಸ್ಟೂಲ್ ಕೊಡುತ್ತಾರೆ. ರಂಗದ ಮೇಲೇ ನೋಡಬೇಕು ಅಂದರೆ ಊರಿನಲ್ಲಿ 1912ರಲ್ಲಿ ಶುರುವಾದ ಯೀ ಸು ಶೆ ಅನ್ನೋ ನಾಟಕ ಸಂಸ್ಥೆ ಇದೆ.

ತೊಗಲು ಗೊಂಬೆಯಾಟವೂ ಇದೆ! ಮುಸ್ಲಿಮ್ ಬೀದಿಯಲ್ಲಿ ಗಾವ್ ಮನೆತನದ ಹಳೇ ತೊಟ್ಟಿಮನೆಯೊಳಗೆ ಆಡಿಸುತ್ತಾರೆ. ಗೊಂಬೆ ಸುಮಾರು ಒಂದು ಅಡಿ ಎತ್ತರ, ಹಸುವಿನ ಚರ್ಮ, ಮೂರು ಕಡ್ಡಿಯಲ್ಲಿ ಕುಣಿಸುತ್ತಾರೆ. ಆಟ ಚಿಕ್ಕದು. ಮುಗಿದ ಮೇಲೆ ಕೇಳಿದರೆ ಪರದೆ ಹಿಂದೆ ಬಿಡುತ್ತಾರೆ.

ಜೈನ_ಅಡುಗೆಮನೆ_ಹುಬ್ಬಳ್ಳಿ

ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ರೀ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದಾ? ನಮ್ಮ ಮನೆಯವರೂ ಮುಂದಿನ ವರ್ಷ ಹೋಗಬೇಕು ಅಂತಿದ್ದಾರೆ.

ಡಾಕ್ಟ್ರಮ್ಮ_ಬೀದರ್

ನಾನು ಹೇಳುತ್ತೇನೆ. ಹೆನಾನ್ ಪ್ರಾಂತ್ಯದಲ್ಲಿ 5 ವರ್ಷ ಎಂಬಿಬಿಎಸ್ ಓದಿದ್ದೇನೆ, ಅಷ್ಟೂ ವರ್ಷ ಸಸ್ಯಾಹಾರಿಯಾಗೇ ಇದ್ದೆ.

"ಮಾಂಸ ಬೇಡ" ಅಂತ ಬರೀ ಹೇಳಿದರೆ ಸಾಲದು. ಮಾಂಸ ಅಂದರೆ ಅಲ್ಲಿ ಸಾಮಾನ್ಯವಾಗಿ ಹಂದಿ ಅಂತ ಅರ್ಥ. ಸೊಪ್ಪಿನ ಪಲ್ಯವನ್ನೂ ಹಂದಿ ಕೊಬ್ಬಿನಲ್ಲಿ ಹುರಿಯುವುದುಂಟು. ತೋಫು ಮೇಲೆ ಕೈಮಾ ಉದುರಿಸುವುದುಂಟು. "ವೊ ಚಿ ಸೂ" ಅನ್ನಿ. ಸಸ್ಯಾಹಾರ ತಿನ್ನುತ್ತೇನೆ ಅಂತ. ಇದಕ್ಕೆ ಬೌದ್ಧರ ಆಚಾರದ ಅರ್ಥ ಇದೆ, ಅದಕ್ಕೇ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಜೊತೆಗೆ ಒಂದು ಚೀಟಿಯಲ್ಲಿ ಚೀನೀ ಅಕ್ಷರದಲ್ಲಿ "ಮಾಂಸ, ಮೀನು, ಸಿಗಡಿ, ಹಂದಿ ಕೊಬ್ಬು, ಮಾಂಸದ ಸಾರು ಯಾವುದೂ ಬೇಡ" ಅಂತ ಬರೆಸಿಕೊಂಡು ತೋರಿಸಿ. ನನ್ನ ಚೀಟಿ 5 ವರ್ಷದಲ್ಲಿ ನಾಲ್ಕು ಸಲ ಹರಿದು ಹೊಸದಾಗಿದೆ.

ಹುಬ್ಬಳ್ಳಿಯವರೇ, ನಿಮಗೆ ಖುಷಿ ಸುದ್ದಿ. ಚೀನಾದ ಬೌದ್ಧ ಭಿಕ್ಷುಗಳು ಈರುಳ್ಳಿ ಬೆಳ್ಳುಳ್ಳಿ ಎರಡೂ ತಿನ್ನೋದಿಲ್ಲ. ದೊಡ್ಡ ದೇವಸ್ಥಾನಗಳ ಊಟದ ಮನೆ, ಅದೇ ಪದ್ಧತಿಯ ಸಸ್ಯಾಹಾರಿ ಹೋಟೆಲುಗಳಲ್ಲಿ ಅಂಥ ಅಡುಗೆ ಸಿಗುತ್ತದೆ. ಅಲ್ಲಿ "ಕೋಳಿ", "ಮೀನು" ಅಂತ ತಟ್ಟೆ ಬಂದರೆ ಹೆದರಬೇಡಿ, ಸೋಯಾದಲ್ಲಿ ಮಾಡಿರುತ್ತಾರೆ. ಆದರೆ ಗೆಡ್ಡೆಗಳು ಇರುತ್ತವೆ, ಅದನ್ನು ಬೇರೆ ಕೇಳಬೇಕು.

ಬೇರೆ ಹೋಟೆಲಿನಲ್ಲಿ: ಎಳೆ ಎಳೆಯಾಗಿ ಹೆಚ್ಚಿ ಹುಳಿ ಖಾರ ಹಾಕಿದ ಆಲೂಗಡ್ಡೆ ಪಲ್ಯ, "ದೀ ಸಾನ್ ಷ್ಯೆನ್" ಅನ್ನೋ ಬದನೆ-ಆಲೂಗಡ್ಡೆ-ದೊಣ್ಣೆಮೆಣಸಿನಕಾಯಿ. ಅಮ್ಮನಿಗೆ ಇವು ಖಂಡಿತ ಸೇರುತ್ತವೆ. ಕುಡಿಯೋಕೆ ಎಲ್ಲೆಲ್ಲೂ ಬಿಸಿನೀರು. ರೈಲಿನಲ್ಲೂ ನಲ್ಲಿ ಇರುತ್ತದೆ. ಒಂದು ಸ್ಟೀಲ್ ಫ್ಲಾಸ್ಕ್, ಅವಲಕ್ಕಿ, ಚಟ್ನಿಪುಡಿ ಇದ್ದರೆ ಅಮ್ಮ ಎಲ್ಲಿ ಬೇಕಾದರೂ ಇರುತ್ತಾರೆ.

ಅಷ್ಟಾಂಗ_ಮೈಸೂರು

ಡಾಕ್ಟ್ರೇ, ಷಿಯಾನಿನ ಊಟ ನಾನು ಸೇರಿಸುತ್ತೇನೆ. "ಯೋ ಪೋ ಮ್ಯೆನ್" ಕೇಳಿ. ಹಿಟ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಲಗೆ ಮೇಲೆ ಬಡಿದು ಬಡಿದು ಎಳೆಯುತ್ತಾರೆ. ಸೊಂಟದ ಬೆಲ್ಟಿನಷ್ಟು ಅಗಲ ಆಗುತ್ತದೆ. ಬೇಯಿಸಿ, ಬೋಗುಣಿಗೆ ಹಾಕಿ, ಮೇಲೆ ಒಣಮೆಣಸಿನ ಪುಡಿ, ಹೆಚ್ಚಿದ ಬೆಳ್ಳುಳ್ಳಿ ರಾಶಿ ಇಟ್ಟು, ಹೊಗೆಯಾಡುವ ಎಣ್ಣೆಯನ್ನು ಸೌಟಿನಿಂದ ಸುರಿಯುತ್ತಾರೆ. ಚುಂಯ್ ಅನ್ನುತ್ತದೆ. ನಮ್ಮ ಒಗ್ಗರಣೆ ವಾಸನೆಯೇ. ಮನೆ ಬಿಟ್ಟು ಆರು ತಿಂಗಳಾಗಿತ್ತು, ಆ ವಾಸನೆಗೆ ಬೀದಿಯಲ್ಲೇ ನಿಂತುಬಿಟ್ಟಿದ್ದೆ. ಡಾಕ್ಟ್ರು ಹೇಳಿದ ಹಾಗೆ "ವೊ ಚಿ ಸೂ" ಅಂತ ಹೇಳಿ, ಚೀಟಿ ತೋರಿಸಿ ತಗೊಳ್ಳಿ. ಬೆಳಗ್ಗೆ ಗಾಡಿಯಲ್ಲಿ "ಜಂಗ್ ಗಾವ್" ಸಿಗುತ್ತದೆ. ಅಂಟು ಅಕ್ಕಿ, ಖರ್ಜೂರದ ಹಾಗಿರೋ ಕೆಂಪು ಹಣ್ಣು, ಕಾಳು ಪದರ ಪದರ ಹಾಕಿ ರಾತ್ರಿಯೆಲ್ಲಾ ಹಬೆಯಲ್ಲಿ ಬೇಯಿಸಿದ್ದು. ಸಿಹಿ.

ಮುಸ್ಲಿಮ್ ಬೀದಿಯ ಹೆಸರುವಾಸಿ ಊಟ ಕುರಿ ಸಾರಿನದು, ನಿಮಗೆ ಆಗೋದಿಲ್ಲ. ಆದರೂ ಆ ಬೀದಿಯ ದೊಡ್ಡ ಮಸೀದಿ ತಪ್ಪದೆ ನೋಡಿ. ಗುಮ್ಮಟ ಇಲ್ಲ. ಹೆಂಚಿನ ಮಾಡು, ಮರದ ಕಂಬ, ಒಂದರ ಹಿಂದೆ ಒಂದು ಅಂಗಳ. ಪೂರ್ತಿ ಚೀನೀ ಶೈಲಿ.

ತುಂಗೆಯ_ದಡದಿಂದ

ನಿಮ್ಮೆಲ್ಲರ ಉತ್ತರ ಅಮ್ಮನಿಗೆ ಓದಿ ಹೇಳಿದೆ. ಒಗ್ಗರಣೆ ವಿಷಯ ಕೇಳಿದ ಮೇಲೆ ಅವರಿಗೂ ಧೈರ್ಯ ಬಂದಿದೆ. ಅಷ್ಟಾಂಗ ಅವರೇ, ಷಿಯಾನಿನ ಹತ್ತಿರ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗೆ ಮಾಡಿಟ್ಟ ಮಣ್ಣಿನ ಸೈನಿಕರ ಬಗ್ಗೆ ನೀವು ಏನೂ ಹೇಳಲಿಲ್ಲ? ನಡವಳಿಕೆಯಲ್ಲಿ ಏನು ತಪ್ಪು ಮಾಡಬಾರದು ಅಂತಲೂ ಹೇಳಿ.

ಅಷ್ಟಾಂಗ_ಮೈಸೂರು

ಅದನ್ನು ಎಲ್ಲರೂ ಹೇಳುತ್ತಾರೆ ಅಂತ ಬಿಟ್ಟೆ. ಖಂಡಿತ ನೋಡಿ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ. 1974ರಲ್ಲಿ ಲಿನ್‌ತೊಂಗ್‌ನ ರೈತರು ಬಾವಿ ತೋಡುವಾಗ ಸಿಕ್ಕಿದ್ದು. ಮೊದಲನೇ ಗುಂಡಿ 230 ಮೀಟರ್ ಉದ್ದ. ಆ ಸೈನಿಕರಿಗೆ ಮೊದಲು ಬಣ್ಣ ಇತ್ತು. ಮಣ್ಣಿನಿಂದ ಹೊರಗೆ ತೆಗೆದ ಕೆಲವೇ ನಿಮಿಷದಲ್ಲಿ ಅರಗಿನ ಪದರ ಸುರುಳಿಯಾಗಿ ಬಣ್ಣ ಉದುರಿಹೋಗುತ್ತಿತ್ತು. ಅದಕ್ಕೇ ಇನ್ನೂ ಎಷ್ಟೋ ಸೈನಿಕರನ್ನು ತೆಗೆಯದೆ ಬಿಟ್ಟಿದ್ದಾರೆ. ಟಿಕೆಟ್ ಪಾಸ್‌ಪೋರ್ಟ್ ಹೆಸರಿನಲ್ಲೇ ಬುಕ್ ಮಾಡಿ. ಸ್ಟೇಷನ್ ಹೊರಗೆ "ಬನ್ನಿ ಬನ್ನಿ" ಅಂತ ಕರೆಯುವ ಕಾರಿನಲ್ಲಿ ಹತ್ತಬೇಡಿ, ಗೊಂಬೆ ಮಾರುವ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಅರ್ಧ ದಿನ ಸಾಕು.

ಇತಿಹಾಸದ ಟೀಚರ್ ನೀವು, ನಿಮಗೆ ಪೂರ್ತಿ ದಿನ ಬೇಕಾಗುವ ಜಾಗ ಬೇರೆ ಇದೆ. ಬೇಲಿನ್, ಶಾಸನಗಳ ಕಾಡು. 1087ರಿಂದ ಕಲ್ಲಿನ ಶಾಸನ ಕೂಡಿಟ್ಟ ಜಾಗ. ಸಾಲು ಸಾಲು ಕಲ್ಲು, ಆಳೆತ್ತರಕ್ಕಿಂತ ಜಾಸ್ತಿ. 837ರಲ್ಲಿ ಕೆತ್ತಿದ ಕನ್‌ಫ್ಯೂಶಿಯಸ್ ಪಂಥದ ಗ್ರಂಥಗಳು ಪೂರ್ತಿ ಕಲ್ಲಿನಲ್ಲಿವೆ. ಕ್ರೈಸ್ತರು ಚೀನಾಕ್ಕೆ ಬಂದ ಕಥೆ ಹೇಳುವ 781ರ ಶಾಸನವೂ ಅಲ್ಲೇ. ಅಲ್ಲಿ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಪಡಿಯಚ್ಚು ತೆಗೆಯುವವರು ಇದ್ದರೆ ಜಾಗ ಬಿಟ್ಟು ಕದಲಬೇಡಿ.

ನಡವಳಿಕೆ: ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ. ಉಡುಗೊರೆಯಾಗಿ ಗಡಿಯಾರ ಕೊಡಬೇಡಿ, ಆ ಮಾತಿನ ಉಚ್ಚಾರ ಸಾವಿನ ಕಡೆಗೆ ಹೋಗುತ್ತದೆ. ಏನೇ ಕೊಟ್ಟರೂ ಎರಡೂ ಕೈಯಲ್ಲಿ. ದೇವಸ್ಥಾನದ ಹೊಸಿಲು ತುಳಿಯಬಾರದು, ದಾಟಬೇಕು. ಇದು ಅಮ್ಮನಿಗೆ ಹೇಳಬೇಕಾಗಿಲ್ಲ. ಹಿರಿಯರು "ಚಿ ಲ ಮಾ" ಅಂತ ಕೇಳಿದರೆ "ಊಟ ಆಯ್ತಾ" ಅಂತ. ಆಯ್ತು ಅನ್ನಿ ಸಾಕು. ಪರಿಚಯದವರ ಮನೆಯಲ್ಲಿ ಉಳಿದರೆ 24 ಗಂಟೆ ಒಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಹೋಟೆಲಿನಲ್ಲಿ ಅವರೇ ಮಾಡುತ್ತಾರೆ.

ಕಾಟನ್‌ಪೇಟೆ_ವ್ಯಾಪಾರಿ

ಒಂದು ಎಚ್ಚರಿಕೆ ನಾನೂ ಹೇಳುತ್ತೇನೆ. ಹಿಂದೆ ಒಂದು ಸಲ ಶಾಂಘೈನಲ್ಲಿ ಇಬ್ಬರು ಹುಡುಗಿಯರು ಇಂಗ್ಲಿಷ್ ಕಲಿಯಬೇಕು, ಟೀ ಸಂಪ್ರದಾಯ ತೋರಿಸುತ್ತೇವೆ ಅಂತ ಒಂದು ಅಂಗಡಿಗೆ ಕರೆದರು. ಆರು ಬಟ್ಟಲು ಟೀ ಕುಡಿದ ಮೇಲೆ ಸಾವಿರಾರು ಯುವಾನ್ ಬಿಲ್ ಇಟ್ಟರು. ಟೀ ಕುಡಿಯಲೇಬೇಕು, ಆದರೆ ನೀವಾಗಿ ಹುಡುಕಿದ ಅಂಗಡಿಯಲ್ಲಿ, ಬೆಲೆ ಕೇಳಿ ಕೂರಿ.

ಡಾಕ್ಟ್ರಮ್ಮ_ಬೀದರ್

ಏಪ್ರಿಲ್ ಅಂದರೆ ಲುಓಯಾಂಗ್‌ನಲ್ಲಿ ಪಿಯೋನಿ ಹೂವಿನ ಕಾಲ! ಷಿಯಾನ್‌ನಿಂದ ರೈಲಿನಲ್ಲಿ ಒಂದೂವರೆ ಎರಡು ಗಂಟೆ. ಎರಡು ದಿನ ಇಟ್ಟುಕೊಳ್ಳಿ. ಲೋಂಗ್‌ಮೆನ್ ಗುಹೆಗಳಲ್ಲಿ 17 ಮೀಟರ್ ಎತ್ತರದ ಬುದ್ಧ. ಬಾದಾಮಿ ಗುಹೆ ಪಾಠ ಮಾಡುವವರು ಅದನ್ನು ನೋಡಬೇಕು. ಅಲ್ಲಿಂದ ಬಿಳಿ ಕುದುರೆ ದೇವಸ್ಥಾನಕ್ಕೆ ಹೋಗಿ. ಕ್ರಿ.ಶ. 68ರಲ್ಲಿ ಶುರುವಾಯಿತು ಅಂತ ಹೇಳುತ್ತಾರೆ. ಇಬ್ಬರು ಭಾರತೀಯ ಭಿಕ್ಷುಗಳು ಬಿಳಿ ಕುದುರೆ ಮೇಲೆ ಗ್ರಂಥ ತಂದರು ಅನ್ನೋದು ಕಥೆ. ಆವರಣದಲ್ಲಿ ಭಾರತ ಕಟ್ಟಿಸಿಕೊಟ್ಟ, ಸಾಂಚಿ ಹಾಗಿರೋ ಕಲ್ಲಿನ ಮಂದಿರ ಇದೆ. 2010ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅದನ್ನು ಉದ್ಘಾಟಿಸಿದರು.

ತುಂಗೆಯ_ದಡದಿಂದ

*(ಮೇ ತಿಂಗಳು)*

ಹೋಗಿ ಬಂದೆವು. ಷಿಯಾನ್ 7 ದಿನ, ಲುಓಯಾಂಗ್ 2 ದಿನ. ಬೀಜಿಂಗ್ ಬಿಟ್ಟೆವು, ಸಿಂಗಪುರದ ಅಕ್ಕ ಬೇಜಾರು ಮಾಡಿಕೊಳ್ಳಬೇಡಿ.

ಗೋಪುರದ ಬಾಗಿಲ ಪಕ್ಕದ ಎರಡು ಕಲ್ಲು ನೋಡಿದೆ. ಒಂದು ಗಂಟೆ ನಿಂತಿದ್ದೆ. ಅಮ್ಮ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಕಾವಲಿನ ಹೆಂಗಸು ನೋಡಿ ಕೈಮುಗಿದಳು.

ಬೇಲಿನ್‌ಗೆ ಎರಡು ದಿನ ಹೋದೆ. ಅಷ್ಟಾಂಗ ಅವರೇ, ನೀವು ಹೇಳಿದ ಹಾಗೇ ಪಡಿಯಚ್ಚು ತೆಗೆಯುತ್ತಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿದರು. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಶಾಯಿ ಅದ್ದಿ ಟಪ್ ಟಪ್ ಅಂತ ಒತ್ತಿದರು. ಕಾಗದ ಕಪ್ಪಾಯಿತು, ಅಕ್ಷರ ಬೆಳ್ಳಗೆ ಉಳಿಯಿತು. ನಾನು ಡಿಗ್ರಿಯಲ್ಲಿದ್ದಾಗ ಬಳ್ಳಿಗಾವಿಯಲ್ಲಿ ಶಾಸನತಜ್ಞರು ಇದೇ ಕೆಲಸ ಮಾಡಿ ತೋರಿಸಿದ್ದರು. ಕಾಗದ, ಬ್ರಷ್, ಶಾಯಿ, ಕೈಯ ತಟ್ಟು, ಎಲ್ಲಾ ಅದೇ! ಅವರಿಗೆ ಮೊಬೈಲಿನಲ್ಲಿ ನಮ್ಮ ಒಂದು ಶಾಸನದ ಪಡಿಯಚ್ಚು ತೋರಿಸಿದೆ. ಕೆಲಸ ನಿಲ್ಲಿಸಿ, ಕನ್ನಡಕ ಏರಿಸಿ, ಫೋಟೋ ದೊಡ್ಡದು ಮಾಡಿ ನೋಡಿದರು. ಅಂಚಿನಲ್ಲಿ ಶಾಯಿ ಹರಡಿದ ಕಡೆ ಬೆರಳಿಟ್ಟು ನಕ್ಕರು. ಕಾಗದ ಜಾಸ್ತಿ ಒದ್ದೆ ಇತ್ತು ಅಂತ ಅನುವಾದದ ಆಪ್ ಹೇಳಿತು.

ಅಮ್ಮನಿಗೆ ತುಂಬಾ ಹಿಡಿಸಿದ್ದು ಕಂದಕದ ಪಕ್ಕದ ಪಾರ್ಕ್. ಅಲ್ಲಿ ಒಬ್ಬ ತಾತ ದಿನಾ ಬೆಳಗ್ಗೆ ಮಾರುದ್ದದ ಕುಂಚವನ್ನು ನೀರಿನಲ್ಲಿ ಅದ್ದಿ ನೆಲದ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಕೊನೆಯ ಅಕ್ಷರ ಬರೆಯುವ ಹೊತ್ತಿಗೆ ಮೊದಲನೆಯದು ಆರಿಹೋಗಿರುತ್ತಿತ್ತು. ನಾಲ್ಕನೇ ದಿನ ಅವರೇ ಕುಂಚ ಅಮ್ಮನ ಕೈಗೆ ಕೊಟ್ಟರು. ಅಮ್ಮ ಓದಿರೋದು ನಾಲ್ಕನೇ ಕ್ಲಾಸು. "ಶ್ರೀ" ಅಂತ ಬರೆದರು. ತಾತ ಪಕ್ಕದಲ್ಲಿ ಅದನ್ನೇ ನೋಡಿ ಬರೆಯೋಕೆ ಹೋದರು, ಒತ್ತು ಎಲ್ಲಿ ಸೇರುತ್ತದೆ ಅಂತ ಗೊತ್ತಾಗದೆ ಮೂರು ಸಲ ಕೇಳಿದರು. ಮೂರು ಸಲವೂ ಅಮ್ಮ ಅವರ ಕೈ ಹಿಡಿದು ತಿದ್ದಿಸಿದರು. ಇಬ್ಬರಿಗೂ ಇನ್ನೊಬ್ಬರ ಮಾತು ಒಂದೂ ಬರುತ್ತಿರಲಿಲ್ಲ.

ಪ್ರಶ್ನೆ ಕೇಳಿದ ಹುಡುಗ ಈಗ ಹತ್ತನೇ ಕ್ಲಾಸು. ಶಾಲೆ ಶುರುವಾದ ಮೇಲೆ ಅವನಿಗೆ ಉತ್ತರ ಹೇಳಬೇಕು.

ಜೈನ_ಅಡುಗೆಮನೆ_ಹುಬ್ಬಳ್ಳಿ

ಓದಿ ಕಣ್ಣು ತುಂಬಿತು ಟೀಚರ್. ಆ ನೀರಿನ ಕುಂಚ ಅಲ್ಲಿ ಕೊಳ್ಳೋಕೆ ಸಿಗುತ್ತದಾ? ಮಕ್ಕಳಿಗೆ ಚೆನ್ನಾಗಿರುತ್ತದೆ.

ತುಂಗೆಯ_ದಡದಿಂದ

ಸಿಗುತ್ತದೆ. ಬೇಲಿನ್ ಪಕ್ಕದ ಶು ಯುವಾನ್ ಮೆನ್ ಬೀದಿಯಲ್ಲಿ ಕುಂಚ, ಶಾಯಿ, ಕಾಗದದ ಅಂಗಡಿಗಳೇ ಇವೆ. ಆದರೆ ಕೊಳ್ಳಬೇಕಾಗಿಲ್ಲ. ತಾತನ ಕುಂಚ ಅವರೇ ಮಾಡಿಕೊಂಡದ್ದು. ಪಿವಿಸಿ ಪೈಪಿನ ತುದಿಗೆ ಸ್ಪಂಜು ಕಟ್ಟಿ, ಕತ್ತರಿಯಲ್ಲಿ ಮೂತಿ ಚೂಪು ಮಾಡಿದ್ದರು. ನಾನೂ ಮನೆಯಲ್ಲಿ ಎರಡು ಮಾಡಿದ್ದೇನೆ. ಸ್ಪಂಜನ್ನು ಒಂದು ರಾತ್ರಿ ನೆನೆಸಿಟ್ಟು ಆಮೇಲೆ ಕತ್ತರಿಸಿ, ಒಣಗಿದ್ದಾಗ ಕತ್ತರಿಸಿದರೆ ಆಕಾರ ಸರಿ ಬರೋದಿಲ್ಲ. ಸಿಮೆಂಟ್ ಅಂಗಳದಲ್ಲಿ ಬೆಳಗ್ಗೆ ಬಿಸಿಲೇರುವ ಮುಂಚೆ ಬರೆಸಿ.